ಹೇಳಿ ಮಾಡಿಸಿದ ಮೀನಿನ ತೊಟ್ಟಿ

ವಧೂವರರ ಜೋಡಿಯು ಚೆನ್ನಾಗಿ ಹೊಂದಿದರೆ ನಮ್ಮ ಹಿರಿಯರು ‘ಹೇಳಿ ಮಾಡಿಸಿದ ಹಾಗಿದೆ’ ಎನ್ನುವರು. ಸೊಂಟಕ್ಕೆ ಸರಿಯಾಗಿ ಕುಳಿತ ಡಾಬಿಗೂ, ಮೂಲೆಗೆ ಒಪ್ಪಿದ ಪೆಟ್ಟಿಗೆಗೂ, ಊರಿಗೆ ಒಪ್ಪಿದ ಉಪಾಧ್ಯಾಯರಿಗೂ ಇದೊಂದೇ ಹೊಗಳಿಕೆ. ಈ ಮಾತು ಹುಟ್ಟಿದ ಕಾಲದಲ್ಲಿ ಮನೆಗೆ ಬೇಕಾದ ಪದಾರ್ಥಗಳಲ್ಲಿ ಬಹುಪಾಲು ಹೇಳಿಯೇ ಮಾಡಿಸಿದವಾಗಿದ್ದುವು. ತೊಟ್ಟಿಲನ್ನು ಬಡಗಿಗೆ ಹೇಳಬೇಕು. ಓಲೆಯನ್ನು ಅಕ್ಕಸಾಲಿಗನಿಗೆ ಹೇಳಬೇಕು. ಹಂಡೆಯನ್ನು ಕಂಚುಗಾರನಿಗೆ ಹೇಳಬೇಕು. ಹೇಳುವವರಿಗೆ ತಮಗೇನು ಬೇಕೆಂಬುದು ತಿಳಿದಿರುತ್ತಿತ್ತು. ಕೇಳುವವನಿಗೆ ಅವರು ಹೇಳದೆ ಬಿಟ್ಟದ್ದೂ ತಿಳಿಯುತ್ತಿತ್ತು. ಈಗ ನಾವು ಅಂಗಡಿಗೆ ಹೋಗಿ, ಇರುವುದರಲ್ಲಿ ಒಂದನ್ನು ಆರಿಸಿ ತರುವವರಾಗಿದ್ದೇವೆ. ಮಾಡಿಸುವುದು ಹೋಗಿ ಕೊಳ್ಳುವುದು ಬಂದಿತು. ಇದರಿಂದ ಹಣವೂ ಹೊತ್ತೂ ಉಳಿದಿರುವುದು ನಿಜ; ಅದನ್ನು ಅಲ್ಲಗಳೆಯುವಷ್ಟು ಹಳಬರು ನಾವಲ್ಲ. ಆದರೆ ಒಂದು ವಸ್ತುವನ್ನು ಮಾಡಿಸಲೇಬೇಕಾಗಿ ಬಂದಾಗ ಏನನ್ನು ಹೇಳಬೇಕು, ಯಾರಿಗೆ ಹೇಳಬೇಕು ಎಂಬ ವಿದ್ಯೆ ನಮ್ಮ ಮನೆಗಳಲ್ಲಿ ಎಷ್ಟು ಉಳಿದಿದೆ? ನಮ್ಮ ಮನೆಗೆ ಒಂದು ಮೀನಿನ ತೊಟ್ಟಿಯನ್ನು ಮಾಡಿಸುವ ಸಂದರ್ಭದಲ್ಲಿ ಈ ಪ್ರಶ್ನೆ ನಮ್ಮ ಮುಂದೆ ಬಂದು ನಿಂತಿತು. ವಾಚಕರಲ್ಲಿ ಅಂಥದೇ ಕೆಲಸಕ್ಕೆ ಕೈಹಾಕುವವರಿದ್ದರೆ ಉಪಯೋಗವಾದೀತೆಂದು ನಡೆದುದನ್ನು ಬರೆಯುತ್ತಿದ್ದೇವೆ.

ಮೀನು ಸಾಕುವ ಚಪಲ ನಮಗೆ ಎಂದೂ ಇದ್ದುದಲ್ಲ. ನಮ್ಮ ತಾಯಿಯವರಿಗೆ ಎಂಬತ್ತೆರಡು ವರ್ಷ. ೨೦೨೪ರ ಶ್ರಾವಣಮಾಸದಲ್ಲಿ ಅವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಕೀಲಿನ ಬಳಿ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯು ನೆರವೇರಿತು, ನಡಿಗೆ ಮಾತ್ರ ಹಿಂದಿರುಗಲಿಲ್ಲ. ಬೆಂಗಳೂರಿನಲ್ಲಿ ನಮ್ಮದು ಮಹಡಿಯ ಮೇಲಿನ ಮನೆ. ಹೋಗಿ ಬರುವವರು ಅವರ ಕಣ್ಣಿಗೆ ಬೀಳಲೆಂದು ನಡುಮನೆಯಲ್ಲಿಯೇ ಮಂಚವನ್ನು ಹಾಕಿದೆವು. ಆದರೆ ಹಗಲಿನಲ್ಲಿ ಹೋಗಿ ಬರುವವರಾದರೂ ಯಾರು? ನಾವು ಕಚೇರಿಗೆ, ಮಕ್ಕಳು ಕಾಲೇಜಿಗೆ. ಟೆಲಿವಿಷನ್ನಿನ ಕಡೆಗೆ ಅವರಿಗೆ ಮನಸ್ಸಿಲ್ಲ. ಒಂದು ಸಂಜೆ ಮೇಲಿನ ಪಂಖವನ್ನು ನೋಡುತ್ತ ಮಲಗಿದ್ದವರು, “ತಿರುಗುವುದನ್ನೇ ನೋಡುತ್ತ ಬಿದ್ದಿರಬೇಕಾದರೆ, ಮೀನು ತಿರುಗುವುದನ್ನಾದರೂ ನೋಡಬಹುದಾಗಿತ್ತಲ್ಲೋ” ಎಂದರು. ಅವರ ತೌರುಮನೆ ತೀರ್ಥಹಳ್ಳಿಯ ಕಡೆಯದು. ಹುಡುಗಿಯಾಗಿದ್ದಾಗ ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕುಳಿತು, ಯಾರೂ ಹಿಡಿಯದೆ ಬಿಟ್ಟಿರುವ ಆ ದೊಡ್ಡ ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕಿದವರು. ಅವರು ಕೇಳಿದುದು ಅದೊಂದೇ. ಹೇಗಾದರೂ ನಡೆಯಿಸಿಕೊಡಬೇಕೆಂದು ನಿಶ್ಚಯಿಸಿದೆವು.

ಮೊದಲು ಸಿದ್ಧವಾದ ತೊಟ್ಟಿಗಳನ್ನೇ ನೋಡಿಬಂದೆವು. ಅಂಗಡಿಯಲ್ಲಿರುವ ತೊಟ್ಟಿಗಳೆಲ್ಲ ನಿಂತು ನೋಡುವವರಿಗಾಗಿ, ಹೆಚ್ಚೆಂದರೆ ಸೋಫಾದಲ್ಲಿ ಕುಳಿತು ನೋಡುವವರಿಗಾಗಿ ಆದವು. ಅವುಗಳ ಸ್ಟ್ಯಾಂಡುಗಳು ಎರಡೂವರೆ ಅಡಿ ಎತ್ತರ. ಎರಡು ದಿಂಬಿಗೆ ಒರಗಿ ಮಲಗಿದ ನಮ್ಮ ತಾಯಿಯವರ ಕಣ್ಣು ನೆಲದಿಂದ ೭೦ ಸೆಂಟಿಮೀಟರು, ಎಂದರೆ ಎರಡು ಅಡಿ ನಾಲ್ಕು ಅಂಗುಲ. ಅಂಥ ತೊಟ್ಟಿಯನ್ನು ತಂದಿಟ್ಟರೆ ಅವರಿಗೆ ಕಾಣುವುದು ಮೀನಲ್ಲ, ಸ್ಟ್ಯಾಂಡಿನ ಹಲಗೆ! ಮಲಗಿದವರ ಕಣ್ಣಿಗೆಂದು ಯಾರೂ ತೊಟ್ಟಿ ಮಾಡಿಡುವುದಿಲ್ಲ. ಆದುದರಿಂದ ಮಾಡಿಸುವುದೊಂದೇ ದಾರಿಯಾಯಿತು.

ಮೊದಲು ವಿಚಾರಿಸಿದ ತಯಾರಕರ ಹೆಸರು ಇಲ್ಲಿ ಬೇಕಿಲ್ಲ. ಅವರದು ದೊಡ್ಡ ವ್ಯಾಪಾರ, ಉತ್ತರವೂ ಚುರುಕು. ಐದು ಅಡಿ ಉದ್ದ ಆಗುವುದೆ? ಆಗುವುದು. ಮೂರು ಅಡಿ ಎತ್ತರ ಬೇಕೆಂದು ನಮ್ಮ ಹುಡುಗರ ಆಸೆ, ಅದೂ ಆಗುವುದೆ? ಆಗುವುದು. ಗಾಜು ಎಷ್ಟು ದಪ್ಪ? ಅದನ್ನು ನಮಗೆ ಬಿಡಿ. ಮಹಡಿಯ ಮೇಲೆ ಇಡುವುದು, ಭಾರ ತಡೆಯುವುದೆ? ಎಲ್ಲರೂ ಇಡುತ್ತಾರೆ ಸಾರ್. ಐದು ನಿಮಿಷದಲ್ಲಿ ಬೆಲೆಯನ್ನೂ ಹೇಳಿಬಿಟ್ಟರು. ಅವರಾಗಿ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: ಮುಂಗಡ ಎಷ್ಟು ಕೊಡುವಿರಿ? ಎಲ್ಲಕ್ಕೂ ಹೂಂಗುಟ್ಟುವವರನ್ನು ಕಂಡರೆ ನಮ್ಮ ತಂದೆಯವರು ಹೆದರುತ್ತಿದ್ದರು. ಆ ಹೆದರಿಕೆ ನಮಗೂ ಬಂದಿದೆ. ನಾವು ಹಿಂದಿರುಗಿದೆವು.

ಎರಡನೆಯವರು ನಗರದ ಅಂಚಿನಲ್ಲಿ, ಲೇತುಗಳ ಸದ್ದಿನ ನಡುವೆ, ತಗಡು ಹೊದಿಸಿದ ಒಂದು ಶೆಡ್ಡಿನಲ್ಲಿ ಕೆಲಸ ಮಾಡುವವರು. ಅರವತ್ತರ ವಯಸ್ಸು, ಕೈಯಲ್ಲಿ ಗಾಜು ಕೊಯ್ದ ಹಳೆಯ ಗೆರೆಗಳು. ನಾವು ಬಾಯಿ ತೆರೆಯುವುದಕ್ಕೆ ಮೊದಲೇ ಅವರು ಕೇಳತೊಡಗಿದರು. ತೊಟ್ಟಿಯನ್ನು ನೋಡುವವರು ಯಾರು? ನಿಂತೋ, ಕುಳಿತೋ? ಇಡುವ ಕೋಣೆಯ ಕಿಟಕಿ ಯಾವ ದಿಕ್ಕಿಗೆ? ಬಿಸಿಲು ಎಷ್ಟು ಹೊತ್ತು ಬೀಳುವುದು? ಬಿಸಿಲು ನೇರವಾಗಿ ಬಿದ್ದರೆ ನೀರು ಪಾಚಿಗಟ್ಟುವುದಂತೆ. ಮನೆಗೆ ಬರುವುದು ಕಾವೇರಿ ನೀರೋ, ಬೋರಿನ ನೀರೋ? ಕೆಳಗಿನ ಮನೆಯಲ್ಲಿ ಯಾರಿದ್ದಾರೆ? ಮೆಟ್ಟಿಲು ತಿರುಗುವಲ್ಲಿ ಅಗಲವೆಷ್ಟು? ಕೊನೆಗೆ, ತೊಟ್ಟಿಯನ್ನು ತೊಳೆಯುವವರು ಯಾರು, ಅವರ ಕೈ ಎಷ್ಟು ಉದ್ದ? ಈ ಪ್ರಶ್ನೆಗೆ ನಮಗೆ ನಗು ಬಂದಿತು. ಅವರು ನಗಲಿಲ್ಲ. ಜೊತೆಯಲ್ಲಿದ್ದ ನಮ್ಮ ಕಿರಿಯ ಮಗನ ತೋಳನ್ನು ಚಾಚಿಸಿ, ಕಂಕುಳಿನಿಂದ ಬೆರಳ ತುದಿಯವರೆಗೆ ಟೇಪು ಹಿಡಿದು, “ಮೂರು ಅಡಿ ಎತ್ತರವಾದರೆ ಈ ಕೈ ತಳವನ್ನು ಮುಟ್ಟುವುದಿಲ್ಲ ಸ್ವಾಮಿ. ಮುಟ್ಟದ ತಳ ಕೊಳೆಯುತ್ತದೆ” ಎಂದರು.

ಮೂರು ಅಡಿ ಎತ್ತರವನ್ನು ಬಿಡಬೇಕೆನ್ನುವುದಕ್ಕೆ ಅವರ ಬಳಿ ಇನ್ನೂ ದೊಡ್ಡ ಕಾರಣವಿತ್ತು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ತೊಟ್ಟಿ ಮಾಡಿಸುವವರು ತಿಳಿದಿರಬೇಕಾದ ವಿಷಯಗಳಲ್ಲಿ ಇದು ಮುಖ್ಯವಾದುದು. ನೀರು ಗಾಜನ್ನು ಹೊರಕ್ಕೆ ನೂಕುವ ಬಲವು ನೀರಿನ ಆಳವನ್ನು ಅವಲಂಬಿಸಿದುದೇ ಹೊರತು ಹಿಂದೆ ಎಷ್ಟು ನೀರಿದೆ ಎಂಬುದನ್ನಲ್ಲ. ಮುಂದಿನ ಗಾಜಿನ ಹಿಂದೆ ಒಂದು ಗೇಣು ನೀರಿದ್ದರೂ ಒಂದು ಕೆರೆಯಷ್ಟು ನೀರಿದ್ದರೂ, ಆಳ ಒಂದೇ ಆಗಿದ್ದರೆ ನೂಕು ಒಂದೇ. ಡಚ್ ಗಣಿತಜ್ಞ ಸೈಮನ್ ಸ್ಟೆವಿನನು ೧೫೮೬ರಷ್ಟು ಹಿಂದೆಯೇ ಈ ವಿಚಿತ್ರವನ್ನು ವಿವರಿಸಿದ್ದನು. ಆದರೆ ಆಳವು ಇಮ್ಮಡಿಯಾದರೆ ಒಟ್ಟು ನೂಕು ಇಮ್ಮಡಿಯಲ್ಲ, ನಾಲ್ಮಡಿ. ಐದು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಗಾಜಿನ ಮೇಲೆ ನೀರು ತುಂಬಿದಾಗ ಬೀಳುವುದು ಸುಮಾರು ೧೫೦ ಕಿಲೋ ಭಾರದಷ್ಟು ಬಲ. ಅದೇ ಗಾಜು ಮೂರು ಅಡಿ ಎತ್ತರವಾದರೆ ಸುಮಾರು ೬೦೦ ಕಿಲೋ. ಆರುನೂರು ಕಿಲೋ ಭಾರವು ಹಗಲು ರಾತ್ರಿ ಬಿಡುವಿಲ್ಲದೆ ಒಂದು ಗಾಜಿಗೆ ಒರಗಿಕೊಂಡಿರುವುದೆಂದು ಭಾವಿಸಿ ನೋಡಿ! ಗಾಜು ತಟ್ಟನೆ ಒಡೆಯದಿದ್ದರೂ ಬಾಗುವುದು. ಬಾಗಿದರೆ ಅಂಟಿನ ಸಂದುಗಳು ಎಳೆದುಕೊಳ್ಳುವುವು. ಆದುದರಿಂದ ಬಲ್ಲವರು ಗಾಜಿನ ದಪ್ಪವನ್ನು ಗೊತ್ತುಮಾಡುವಾಗ, ಅದು ತಾಳಬಲ್ಲ ಬಲವು ನಿಜವಾಗಿ ಬೀಳುವ ಬಲದ ಸುಮಾರು ನಾಲ್ಕರಷ್ಟಿರುವಂತೆ ನೋಡಿಕೊಳ್ಳುವರು.

ಮೀನಿಗೂ ಆಳದಿಂದ ಹೆಚ್ಚು ಸುಖವಿಲ್ಲವೆಂದು ಅವರು ಹೇಳಿದರು. ಪ್ರಾಣವಾಯು ನೀರಿಗೆ ಸೇರುವುದು ಮೇಲ್ಮೈಯಿಂದ. ಒಂದೇ ಅಳತೆಯ ನೀರನ್ನು ಉದ್ದವಾಗಿ ತಗ್ಗಾಗಿ ಹರಡಿದರೆ ಮೀನಿಗೆ ಉಸಿರೂ ಓಟವೂ ಹೆಚ್ಚು. ಉದ್ದ ೧೫೦ ಸೆಂಟಿಮೀಟರು, ಅಗಲ ೪೫, ಎತ್ತರ ೪೫ ಎಂದು ಕೊನೆಗೆ ಗೊತ್ತಾಯಿತು. ಗಾಜು ೧೦ ಮಿಲಿಮೀಟರು. ಮೇಲಂಚಿನ ಸುತ್ತ ಒಳಗಡೆ ಗಾಜಿನ ಪಟ್ಟಿಗಳ ಬಿಗಿ.

ಒಂದು ಭಾನುವಾರ ಅವರೇ ಮನೆಗೆ ಬಂದರು. ಚೀಲದಿಂದ ರಸಮಟ್ಟವನ್ನು ತೆಗೆದು ನೆಲದ ಮೇಲಿಟ್ಟು ನೋಡಿದಾಗ, ನಾವು ಇಷ್ಟು ವರ್ಷ ಸಮನೆಂದು ತಿಳಿದಿದ್ದ ನೆಲವು ಬಾಲ್ಕನಿಯ ಕಡೆಗೆ ಐದು ಅಡಿಗೆ ಅರ್ಧ ಅಂಗುಲ ಇಳಿದಿರುವುದು ಬೆಳಕಿಗೆ ಬಂದಿತು. ನೀರನ್ನು ಇಟ್ಟರೆ ಇದನ್ನು ಎಲ್ಲರೂ ಕಾಣುವರು. ನೀರಿಗಿಂತ ದೊಡ್ಡ ರಸಮಟ್ಟವಿಲ್ಲ. ಸ್ಟ್ಯಾಂಡಿನ ಕಾಲುಗಳಿಗೆ ತಿರುಗಿಸಿ ಏರಿಸುವ ತಿರುಪುಗಳನ್ನು ಹಾಕುವುದೆಂದಾಯಿತು. ಆಮೇಲೆ ಭಾರದ ಲೆಕ್ಕ. ಮೇಲೆ ಎರಡು ಅಂಗುಲ ಬಿಟ್ಟು ತುಂಬಿದರೂ ನೀರು ೨೭೦ ಲೀಟರು, ಎಂದರೆ ೨೭೦ ಕಿಲೋ. ಗಾಜು ೬೦ ಕಿಲೋ. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಎಲ್ಲ ಸೇರಿದರೆ ೪೦೦ ಕಿಲೋಗೆ ಕಡಮೆಯಿಲ್ಲ. ಇಪ್ಪತ್ತೈದು ಕಿಲೋ ಅಕ್ಕಿಯ ಮೂಟೆಗಳನ್ನು ಹದಿನಾರು ತಂದು ಮಹಡಿಯ ಒಂದೆಡೆ ಒಟ್ಟಿ, ವರ್ಷಗಟ್ಟಲೆ ತೆಗೆಯದೆ ಬಿಟ್ಟಂತೆ. ನಮ್ಮ ದೇಶದ ಕಟ್ಟಡಗಳ ನಿಯಮದಲ್ಲಿ ವಾಸದ ಕೋಣೆಯ ನೆಲವು ಚದರ ಮೀಟರಿಗೆ ಸುಮಾರು ೨೦೦ ಕಿಲೋ ಭಾರವನ್ನು ಹೊರುವಂತೆ ಲೆಕ್ಕಹಾಕತಕ್ಕದ್ದೆಂದಿದೆ. ಅದು ಇಡೀ ಕೋಣೆಗೆ ಹೇಳಿದ ಸರಾಸರಿ. ಒಂದು ಕಡೆ ಹೆಚ್ಚಾದ ಮಾತ್ರಕ್ಕೆ ನೆಲ ಕುಸಿಯುವುದಿಲ್ಲ. ಆದರೂ ಕೋಣೆಯ ನಡುವೆ ಇಡುವುದಕ್ಕೂ ಬೀಮಿನ ಮೇಲೆ, ಗೋಡೆಗೆ ಸೇರಿಸಿ ಇಡುವುದಕ್ಕೂ ಬಹಳ ಅಂತರವುಂಟು. ಮನೆ ಕಟ್ಟಿಸಿಕೊಟ್ಟ ಇಂಜಿನಿಯರರನ್ನು ವಿಚಾರಿಸಿ, ಬೀಮು ಹಾದುಹೋಗುವ ಗೋಡೆಯನ್ನೇ ಆರಿಸಿದೆವು. ಸುದೈವದಿಂದ ಅದು ಮಂಚದ ಎದುರಿನ ಗೋಡೆಯೇ ಆಗಿತ್ತು. ಕೆಳಗಿನ ಮನೆಯಲ್ಲಿ ಬಾಡಿಗೆಗಿರುವವರಿಗೆ ಒಂದು ಹಸುಗೂಸು ಇದೆ. ಈ ಲೆಕ್ಕವೆಲ್ಲ ಮುಗಿಯುವವರೆಗೆ ಆ ಕೂಸಿನ ಅಳು ಕೇಳಿದಾಗಲೆಲ್ಲ ನಮಗೆ ಕಸಿವಿಸಿಯಾಗುತ್ತಿತ್ತು.

ಆ ಯಜಮಾನರು ಮಾಡಿದ ಇನ್ನೊಂದು ಕೆಲಸವನ್ನು ನಾವು ಮರೆಯಲಾರೆವು. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ, ತೊಟ್ಟಿಯಷ್ಟೇ ಉದ್ದ ಎತ್ತರದ ಒಂದು ಕಾಗದದ ಹಾಳೆ ಮಾಡಿ, ಅದು ನಿಲ್ಲಬೇಕಾದ ಎತ್ತರದಲ್ಲಿ ಗೋಡೆಗೆ ಅಂಟಿಸಿದರು. ಬಳಿಕ ಮಂಚದ ಬಳಿಗೆ ಸ್ಟೂಲು ಎಳೆದುಕೊಂಡು ಕುಳಿತು, “ತಾಯಿ, ಎರಡು ದಿನ ಇದನ್ನೇ ನೋಡುತ್ತಿರಿ. ಕತ್ತು ನೋಯುವುದೇ, ಅಂಚು ತಪ್ಪುವುದೇ, ಹೇಳಿ. ಗಾಜು ಕೊಯ್ದಮೇಲೆ ಬೆಳೆಯುವುದಿಲ್ಲ” ಎಂದರು. ನಮ್ಮ ತಾಯಿಯವರು ಎರಡು ದಿನ ಆ ಕಾಗದದ ಕೊಳವನ್ನು ಶ್ರದ್ಧೆಯಿಂದ ನೋಡಿದರು. ಮೂರನೆಯ ದಿನ, “ನಾಲ್ಕು ಬೆರಳು ಮೇಲಕ್ಕೆ” ಎಂದು ಅಪ್ಪಣೆಯಾಯಿತು. ಸ್ಟ್ಯಾಂಡಿನ ಎತ್ತರ ೩೮ ಸೆಂಟಿಮೀಟರಿನಿಂದ ೪೫ಕ್ಕೆ ಏರಿತು.

ಅಪ್ಪಣೆ ಅಷ್ಟಕ್ಕೇ ನಿಲ್ಲಲಿಲ್ಲ. “ನಾಲ್ಕು ಕಡೆಯೂ ಗಾಜು ಅಂತೀಯಲ್ಲಪ್ಪ. ಅದಕ್ಕೆ ಯಾರ ಕಣ್ಣಿಗೂ ಬೀಳದೆ ಇರಬೇಕೆನ್ನಿಸಿದರೆ ಎಲ್ಲಿಗೆ ಹೋಗಬೇಕು?” ಎಂದು ಅವರು ಆ ಯಜಮಾನರನ್ನು ಕೇಳಿದರು. ಯಜಮಾನರು ತಲೆಯಾಡಿಸಿ, ಮೊದಲ ಬಾರಿಗೆ ನಕ್ಕು, “ಇದನ್ನು ಕೇಳಿದವರು ನೀವೇ ಮೊದಲು ತಾಯಿ” ಎಂದರು. ಹಿಂದಿನ ಗಾಜಿಗೂ ಎಡಗಡೆಯ ಗಾಜಿಗೂ ಹೊರಗಿನಿಂದ ಕಪ್ಪು ಬಣ್ಣ ಬಳಿಯುವುದೆಂದೂ, ಎಡಗಡೆಯ ಮೂರನೆಯ ಒಂದು ಪಾಲಿನಲ್ಲಿ ಕಲ್ಲಿನ ಗವಿಯನ್ನೂ ಮರದ ಬೇರನ್ನೂ ಇರಿಸಿ ಮರೆ ಮಾಡುವುದೆಂದೂ ಗೊತ್ತಾಯಿತು. ಎಲ್ಲ ಕಡೆಯಿಂದಲೂ ಬೆಳಕು ಬೀಳುವ, ಅಡಗಲು ಎಡೆಯಿಲ್ಲದ ತೊಟ್ಟಿಯಲ್ಲಿ ಮೀನು ಬೆದರಿ ಬಣ್ಣಗೆಡುವುದೆಂದು ಮೀನು ಸಾಕುವವರೆಲ್ಲರೂ ಹೇಳುವ ಮಾತು. ನಮ್ಮ ತಾಯಿಯವರು ಆ ವಿಷಯವಾಗಿ ಯಾವ ಪುಸ್ತಕವನ್ನೂ ಓದಿದವರಲ್ಲ. ನಡುಮನೆಯಲ್ಲಿ ಎರಡು ತಿಂಗಳು ಮಲಗಿದ್ದವರು. ಮರುದಿನ ನಮ್ಮ ಮನೆಯವರು ಮಂಚದ ಸುತ್ತ ಕಂಬಿ ಹಾಕಿಸಿ ಒಂದು ಪರದೆಯನ್ನು ಇಳಿಬಿಟ್ಟರು. ಅದರ ಬಗ್ಗೆ ಯಾರೂ ಏನನ್ನೂ ಆಡಲಿಲ್ಲ.

ಒಪ್ಪಂದವನ್ನು ಬಾಯಿಮಾತಿಗೆ ಬಿಡದೆ ಬರೆಯಿಸಿಕೊಂಡೆವು. ಅಳತೆಗಳು ಹೊರಗಿನವೋ ಒಳಗಿನವೋ ಎಂಬುದು, ಗಾಜಿನ ದಪ್ಪ, ಅಂಚುಗಳನ್ನು ಉಜ್ಜಿ ನುಣುಪು ಮಾಡತಕ್ಕದ್ದೆಂಬುದು, ನಮ್ಮೆದುರಿಗೆ ನೀರು ತುಂಬಿ ಎರಡು ದಿನ ಪರೀಕ್ಷೆಗೆ ಬಿಡತಕ್ಕದ್ದೆಂಬುದು, ಮಹಡಿಗೆ ಸಾಗಿಸುವ ಹೊಣೆ ಯಾರದೆಂಬುದು. ಅರ್ಧ ಹಣ ಮುಂಗಡ, ಉಳಿದುದು ಪರೀಕ್ಷೆಯ ಬಳಿಕ. ಬೆಲೆಯು ಸಿದ್ಧ ತೊಟ್ಟಿಯ ಒಂದೂವರೆಪಟ್ಟು ಆಯಿತು. ವಾಯಿದೆ ಮೂರು ವಾರ.

ಮೂರು ವಾರ ಆರು ವಾರವಾಯಿತು. ಕರಕುಶಲಿಗಳ ಪಂಚಾಂಗದಲ್ಲಿ ವಾರಕ್ಕೆ ಎಷ್ಟು ದಿನವೆಂಬುದನ್ನು ಬಲ್ಲವರಿಲ್ಲ. ನಡುವೆ ದೀಪಾವಳಿ ಬಂದಿತು. ಕೆಲಸದ ಹುಡುಗರು ಊರಿಗೆ ಹೋದರು. ಗಾಜಿನ ಲಾರಿ ಬರಲಿಲ್ಲ. ತಾಯಿಯವರು ದಿನವೂ ಗೋಡೆಯ ಕಾಗದವನ್ನು ನೋಡಿ, “ಇವತ್ತೂ ಮೀನು ಕಚ್ಚಲಿಲ್ಲ” ಎನ್ನುವರು. ಅವರ ವಯಸ್ಸಿನವರಿಗೆ ಆರು ವಾರವೆಂದರೆ ನಮ್ಮ ಆರು ವಾರವಲ್ಲ ಎಂಬ ಅಳುಕು ನಮ್ಮೊಳಗೆ ಇದ್ದೇ ಇತ್ತು. ಆದುದರಿಂದ ಕೋಪವೂ ಬರುತ್ತಿತ್ತು.

ಆ ಬಿಡುವಿನಲ್ಲಿ ಈ ಗಾಜಿನ ಕೊಳದ ಪೂರ್ವೋತ್ತರವನ್ನು ಸ್ವಲ್ಪ ಓದಿದೆವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ, ಯಾವ ಮೀನು ಎಲ್ಲಿ ವಾಸಿಸುವುದು, ಯಾವುದಕ್ಕೆ ಯಾವ ಆಹಾರ ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಆದರೆ ಆ ವಿನೋದವು ಗಾಳದ ವಿನೋದ. ಮೀನನ್ನು ಬರಿದೆ ನೋಡುವುದಕ್ಕಾಗಿ ಗಾಜಿನ ಮನೆ ಕಟ್ಟುವ ಹುಚ್ಚು ಇಂಗ್ಲೆಂಡಿನಲ್ಲಿ ಹಬ್ಬಿದುದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಅಲ್ಲಿ ಗಾಜಿನ ಮೇಲಿದ್ದ ಸುಂಕ ೧೮೪೫ರಲ್ಲಿ ರದ್ದಾಗಿ ಗಾಜು ಅಗ್ಗವಾಯಿತು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿಯು ‘ದಿ ಅಕ್ವೇರಿಯಂ’ ಎಂಬ ಪುಸ್ತಕವನ್ನು ಬರೆದು ಆ ಹೆಸರನ್ನು ಮನೆಮಾತು ಮಾಡಿದನು. ಜನರು ಸಮುದ್ರತೀರಕ್ಕೆ ನುಗ್ಗಿ ಬಂಡೆಗಳ ನಡುವಿನ ಕೊಳಗಳನ್ನು ಬರಿದುಮಾಡಿದರು. ಅಲ್ಲಿದ್ದ ಚೆಲುವೆಲ್ಲ ಹಾಳಾಯಿತೆಂದು ಅವನ ಮಗ ಎಡ್ಮಂಡ್ ಗಾಸನು ೧೯೦೭ರಲ್ಲಿ ಪ್ರಕಟಿಸಿದ ತನ್ನ ಬಾಲ್ಯದ ಕಥನದಲ್ಲಿ ಮರುಗಿದ್ದಾನೆ. ಇದನ್ನು ಓದಿದಮೇಲೆ ನಾವು ಒಂದು ನಿಶ್ಚಯ ಮಾಡಿದೆವು. ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿ ಡೆನಿಸನ್ ಬಾರ್ಬ್ ಎಂಬ ಒಂದು ಮೀನುಂಟು. ‘ಮಿಸ್ ಕೇರಳ’ವೆಂದೂ ಕರೆಯುವರು. ಮೈಯುದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಕೆಂಪು. ಅಂಗಡಿಯವರು ಅದನ್ನೇ ಕೊಳ್ಳಿರೆಂದು ಒತ್ತಾಯಪಡಿಸಿದ್ದರು. ತೊಟ್ಟಿಗಳಿಗಾಗಿ ಹೊಳೆಯಿಂದ ಹಿಡಿದು ಹಿಡಿದೇ ಅದು ಅಳಿವಿನಂಚಿನ ಪಟ್ಟಿಗೆ ಸೇರಿರುವುದರಿಂದ ನಮ್ಮ ಮನೆಗೆ ಬೇಡವೆಂದೆವು.

ನವೆಂಬರಿನ ನಡುವಿನಲ್ಲಿ ಕರೆ ಬಂದಿತು. ಶೆಡ್ಡಿನಲ್ಲಿ ನಮ್ಮ ತೊಟ್ಟಿಯು ನೀರು ತುಂಬಿಕೊಂಡು ನಿಂತಿತ್ತು. ಹಿಂದಿನ ಕಾಲದಲ್ಲಿ ಕಬ್ಬಿಣದ ಚೌಕಟ್ಟಿಗೆ ಗಾಜನ್ನು ಕೂರಿಸಿ ಸಂದಿಗೆ ಲಪ್ಪ ಮೆತ್ತುತ್ತಿದ್ದರು. ೧೯೬೦ರ ದಶಕದಿಂದ ಈಚೆಗೆ ಸಿಲಿಕೋನ್ ಅಂಟು ಬಂದು ಚೌಕಟ್ಟು ಬೇಡವಾಯಿತು. ಈಗ ಗಾಜಿಗೆ ಗಾಜೇ ಆಸರೆ. ಆ ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವುದು. ಆಗ ವಿನಿಗರಿನ ಹುಳಿ ವಾಸನೆಯನ್ನು ಬಿಡುವುದು. ಶೆಡ್ಡೆಲ್ಲ ಆ ವಾಸನೆ. ಮೊದಲ ದಿನ ಎಲ್ಲವೂ ಒಣಗಿತ್ತು. ಎರಡನೆಯ ದಿನ ಬೆಳಗ್ಗೆ ನಾವು ಹೋದಾಗ ಬಲಗಡೆಯ ಹಿಂದಿನ ಮೂಲೆಯ ಕೆಳಗೆ ಹಾಸಿದ್ದ ಕಾಗದದ ಮೇಲೆ ಒಂದು ರೂಪಾಯಿಯಗಲ ತೇವ ಕಂಡಿತು. ಕೆಲಸದ ಹುಡುಗನು ಮೇಲಿಂದ ಸ್ವಲ್ಪ ಅಂಟು ಬಳಿದರೆ ಸಾಕೆಂದನು. ಯಜಮಾನರು ಅವನನ್ನು ತಡೆದರು. ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸದು ಹತ್ತುವುದಿಲ್ಲ; ಬಳಿದದ್ದು ಎರಡು ತಿಂಗಳು ಮಾನ ಕಾಯ್ದು ಮೂರನೆಯ ತಿಂಗಳು ಬಿಡುವುದು. ಆ ಬದಿಯ ಗಾಜನ್ನು ಪೂರ್ತಿಯಾಗಿ ಬಿಡಿಸಿ, ಹಳೆಯ ಅಂಟನ್ನು ಬ್ಲೇಡಿನಿಂದ ಹೆರೆದು, ಮೊದಲಿಂದ ಕೂರಿಸಬೇಕು. ಇನ್ನು ಹತ್ತು ದಿನ. “ಬೈಯುವುದಾದರೆ ಈಗಲೇ ಬೈದುಬಿಡಿ ಸ್ವಾಮಿ, ನಿಮ್ಮ ಮನೆಯಲ್ಲಿ ನೀರು ಸುರಿದಮೇಲೆ ಬೈಸಿಕೊಳ್ಳಲಾರೆ” ಎಂದರು ಅವರು.

ನಾವು ಬೈಯಲಿಲ್ಲ. ತೊಟ್ಟಿ ಒಡೆದರೆ ಏನಾಗುವುದೆಂಬುದಕ್ಕೆ ಕಲ್ಪನೆ ಬೇಕಾಗಿಲ್ಲ. ಜರ್ಮನಿಯ ಬರ್ಲಿನ್ ನಗರದ ಒಂದು ಹೋಟೆಲಿನ ಅಂಗಳದಲ್ಲಿ ಕಂಬದ ಆಕಾರದ ಮಹಾ ತೊಟ್ಟಿಯೊಂದಿತ್ತು. ಗಾಜಿನಂತೆ ಕಾಣುವ ಅಕ್ರಿಲಿಕ್ಕಿನಿಂದ ಮಾಡಿದುದು. ಹತ್ತು ಲಕ್ಷ ಲೀಟರು ನೀರು, ಸುಮಾರು ೧೫೦೦ ಮೀನು. ೨೦೨೨ರ ಡಿಸೆಂಬರ್ ೧೬ರ ಬೆಳಗ್ಗೆ, ಇನ್ನೂ ಆರು ಗಂಟೆಯಾಗುವ ಮೊದಲು, ಅದು ಇದ್ದಕ್ಕಿದ್ದಂತೆ ಒಡೆದು ನೀರೆಲ್ಲ ಬೀದಿಗೆ ನುಗ್ಗಿತು. ಆ ಹೊತ್ತಿನಲ್ಲಿ ಅಲ್ಲಿ ಜನರ ಓಡಾಟವಿರಲಿಲ್ಲವಾಗಿ ಇಬ್ಬರಿಗೆ ಗಾಯವಾದುದಕ್ಕೇ ಮುಗಿಯಿತು. ಮೀನುಗಳು ಬಹುತೇಕ ಎಲ್ಲವೂ ಸತ್ತುವು. ನಮ್ಮದು ಅದರ ಮುಂದೆ ಒಂದು ಬಿಂದಿಗೆಯೂ ಅಲ್ಲ. ಆದರೆ ಕೆಳಗಿನ ಮನೆಯ ಕೂಸಿಗೆ ೨೭೦ ಲೀಟರೇ ಸಮುದ್ರ. ಒಂದು ರೂಪಾಯಿಯಗಲದ ತೇವವನ್ನು ತೇವವೆಂದು ಒಪ್ಪಿಕೊಂಡ ಆ ಯಜಮಾನರ ಮೇಲೆ ನಮಗಿದ್ದ ವಿಳಂಬದ ಕೋಪವೆಲ್ಲ ಆ ದಿನ ಇಳಿದುಹೋಯಿತು. ಮನೆಗೆ ಬಂದು ತಾಯಿಯವರಿಗೆ ಇನ್ನು ಹತ್ತು ದಿನವೆಂದಾಗ ಅವರು, “ಸೋರದ್ದನ್ನು ತರಲಿ” ಎಂದಷ್ಟೇ ಹೇಳಿ ಪಕ್ಕಕ್ಕೆ ತಿರುಗಿಕೊಂಡರು.

ಹನ್ನೊಂದನೆಯ ದಿನ ನಾಲ್ವರು ಆಳುಗಳು ಅದನ್ನು ಕಂಬಳಿಯಲ್ಲಿ ಸುತ್ತಿ ಮೆಟ್ಟಿಲೇರಿಸಿದರು. ತಿರುವಿನಲ್ಲಿ ಎರಡು ಬೆರಳಿನಷ್ಟು ಎಡೆ ಉಳಿದಿತ್ತು. ಸ್ಟ್ಯಾಂಡಿನ ಮೇಲೆ ಥರ್ಮಾಕೋಲ್ ಹಾಳೆಯನ್ನು ಹಾಸಿ, 
ರಸಮಟ್ಟ ನೋಡಿ, ತಿರುಪುಗಳನ್ನು ಸರಿಮಾಡಿ, ಕೂರಿಸಿದರು. ಕಾವೇರಿ ನೀರಿಗೆ ಕ್ಲೋರಿನ್ ಬೆರಸಿರುವುದರಿಂದ ಅದನ್ನು ಹೋಗಲಾಡಿಸುವ ಔಷಧದ ಹನಿಗಳನ್ನು ಹಾಕಿದೆವು.

ಇನ್ನು ಮೀನು ತರುವುದಷ್ಟೇ ಎಂದು ವಾಚಕರು ಭಾವಿಸಬಹುದು. ಇಲ್ಲ. ಹೊಸ ನೀರಿಗೆ ಅವಸರದಿಂದ ಮೀನು ಬಿಟ್ಟರೆ ಅವು ತಮ್ಮ ಮಲದಿಂದ ಹುಟ್ಟುವ ಅಮೋನಿಯಾದಿಂದಲೇ ಸಾಯುವುವು. ಅದನ್ನು ನೈಟ್ರೈಟಾಗಿ, ನೈಟ್ರೈಟನ್ನು ಅಷ್ಟು ಹಾನಿಯಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಎರಡು ಬಗೆಯ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಸಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದು. ಅವುಗಳಿಗೆ ಉಣಿಸಾಗಲೆಂದು ಬರಿಯ ನೀರಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿದ್ದೆವು. “ಇಲ್ಲದ ಮೀನಿಗೆ ನೈವೇದ್ಯ!” ಎಂದು ತಾಯಿಯವರು ನಗುವರು. ಆ ಖಾಲಿ ನೀರನ್ನೇ ಅವರು ಗಂಟೆಗಟ್ಟಲೆ ನೋಡುತ್ತಿದ್ದುದುಂಟು. ಫಿಲ್ಟರಿನಿಂದ ಏಳುವ ಗುಳ್ಳೆಗಳು, ಗಿಡದ ಎಲೆ ಅಲುಗುವುದು, ಸಂಜೆಯ ಬೆಳಕು ನೀರೊಳಗೆ ಮುರಿದು ಗೋಡೆಯ ಮೇಲೆ ಕುಣಿಯುವುದು, ಇಷ್ಟೇ ಸಾಕಾಗಿತ್ತು.

೨೦೨೫ರ ಸಂಕ್ರಾಂತಿಯ ಮರುದಿನ ಮೀನು ಬಂದುವು. ಸಾಕಿ ಬೆಳೆಸಿದ ಜೀಬ್ರಾ ಮೀನು ಹನ್ನೆರಡು, ರೋಜಿ ಬಾರ್ಬ್ ಆರು, ತಳದಲ್ಲಿ ಸುಳಿಯುವ ಲೋಚ್ ಮೂರು. ಒಂದೇ ದಿನ ಎಲ್ಲವನ್ನೂ ಬಿಡದೆ ಮೂರು ವಾರಗಳಲ್ಲಿ ಬಿಟ್ಟೆವು. ನಾವು ನಿಂತು ನೋಡಿದರೆ ಮೇಲಿನಿಂದ ನೀರೂ ಮೀನಿನ ಬೆನ್ನೂ ಕಾಣುವುವು, ಅಷ್ಟೆ. ಮಂಚದ ಮೇಲೆ ತಾಯಿಯವರ ಪಕ್ಕದಲ್ಲಿ ತಲೆಯಿಟ್ಟು ನೋಡಿದ ದಿನ ನಮಗೆ ಬೇರೊಂದು ಲೋಕವೇ ಕಂಡಿತು. ಅವರ ಕಣ್ಣು ನೀರಿನ ಮೇಲ್ಮೈಗಿಂತ ಒಂದು ಗೇಣು ಕೆಳಗಿರುವುದರಿಂದ, ನೀರಿನ ಮೇಲ್ಮೈಯು ಕೆಳಗಿನಿಂದ ಬೆಳ್ಳಿಯ ಕನ್ನಡಿಯಂತೆ ಹೊಳೆಯುವುದು. ಬೆಳಕು ನೀರನ್ನು ದಾಟಿ ಹೊರಬೀಳಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುವುದರಿಂದ ಆಗುವ ಚೋದ್ಯ ಅದು. ಮೇಲೆ ಈಜುವ ಪ್ರತಿಯೊಂದು ಮೀನಿಗೂ ತಲೆಕೆಳಗಾದ ಇನ್ನೊಂದು ಮೀನು ಜೊತೆ. ನಾವು ತಂದುದು ಇಪ್ಪತ್ತೊಂದು. ತಾಯಿಯವರಿಗೆ ಅದು ಒಮ್ಮೊಮ್ಮೆ ನಲವತ್ತು. ಯಜಮಾನರು ಇದನ್ನೂ ಯೋಚಿಸಿದ್ದರೋ, ತಾಯಿಯವರ ನಾಲ್ಕು ಬೆರಳಿನ ಅಪ್ಪಣೆಯಿಂದ ಬಂದುದೋ ನಾವು ವಿಚಾರಿಸಲಿಲ್ಲ.

ಲೋಚ್‌ಗಳು ಹಗಲೆಲ್ಲ ಎಡಗಡೆಯ ಗವಿಯಲ್ಲಿಯೇ ಇರುವುವು. ಬಂದ ನೆಂಟರು ಮೀನುಗಳನ್ನು ಎಣಿಸಿ, ಮೂರು ಕಡಮೆ ಎಂದರೆ ತಾಯಿಯವರು, “ಒಳಗಿವೆ, ಬಿಡಿ” ಎನ್ನುವರು. ಗಾಜನ್ನು ಬೆರಳಿನಿಂದ ತಟ್ಟಲು ಯಾರನ್ನೂ ಬಿಡುವುದಿಲ್ಲ. ಪ್ರತಿ ಭಾನುವಾರ ನಮ್ಮ ಕಿರಿಯ ಮಗನು, ಅಳೆದು ಗೊತ್ತುಮಾಡಿದ ಆ ತೋಳನ್ನೇ ಇಳಿಸಿ ತಳವನ್ನು ಶುಚಿಮಾಡಿ, ಐವತ್ತು ಲೀಟರು ನೀರನ್ನು ತೆಗೆದು ಹೊಸದನ್ನು ತುಂಬುತ್ತಾನೆ. ತೆಗೆದ ನೀರು ಬಾಲ್ಕನಿಯ ಕರಿಬೇವಿಗೂ ದಾಸವಾಳಕ್ಕೂ ಹೋಗುವುದು. ತುಲಸಿಗೆ ಮಾತ್ರ ಹಾಕಕೂಡದೆಂದು ಮಂಚದಿಂದ ಅಪ್ಪಣೆಯಾಗಿದೆ.